ಸಿಕ್ಕ ಬೋರಮಾಳ ಕೊರಳಿಗೆ ಯಾವಾಗ ಬರ್ತದ?

ಲಕ್ಷ್ಮೇಶ್ವರ ಕಡೆಯ ಓದುಗ ಅಕ್ಕಾರೊಬ್ಬರು ಬರೆದಿದ್ದಾರೆ: “ಕಳುವಾದ ಬೋರಮಾಳ ಪೊಲೀಸರಿಗೆ ಸಿಕ್ಕೈತ್ರಿ. ಕೇಸ್ ಮುಗಿಯೂತನಕ ಕೈಗೆ ಬರೂದಿಲ್ಲ ಅಂತ ಓಣ್ಯಾಗಿನವರೆಲ್ಲಾ ಹೇಳ್ತಾರ. ಮಗಳ ಲಗ್ನ ಹತ್ತಿರ ಬಂದೈತಿ. ಏನ ಮಾಡ್ಲಿ?”

ಓಣಿಯವರ ಮಾತು ಬಿಡ್ರಿ. ಅಷ್ಟು ದಿನ ಕಾಯುವ ಅಗತ್ಯ ಇಲ್ಲ.

ಜಪ್ತಿಯಾದ ಮಾಲಿಗೆ ನಮ್ಮ ಕೋರ್ಟುಗಳಲ್ಲಿ ಮುದ್ದೆಮಾಲು ಅನ್ನುತ್ತಾರೆ. ಅದು ಕೇಸಿಗೆ ಸಾಕ್ಷ್ಯವಾಗುತ್ತದೆ, ಖರೆ. ಆದರೆ ಮಾಲೀಕರು ನೀವೇ. 2002ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಗುಜರಾತಿನ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ಠಾಣೆಯಲ್ಲಿಟ್ಟ ಮುದ್ದೆಮಾಲನ್ನೇ ಅದಲುಬದಲು ಮಾಡಿದ್ದಾರೆಂಬ ಆರೋಪ ಪೊಲೀಸರ ಮೇಲೇ ಬಂದಿದ್ದ ಪ್ರಕರಣವದು! ವಿವರವಾದ ಪಂಚನಾಮೆ ಬರೆದು, ಫೋಟೊ ತೆಗೆದು, ಬಾಂಡ್ ಬರೆಸಿಕೊಂಡು ಒಡವೆಯನ್ನು ಮಾಲೀಕರಿಗೆ ಕೊಡಬೇಕು. ಠಾಣೆಯಲ್ಲಿ 15 ದಿನದಿಂದ ಹೆಚ್ಚೆಂದರೆ ಒಂದು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂದಿತು ಕೋರ್ಟ್.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಮಿನಲ್ಲಿ ಗಡುವೇ ಇದೆ. ಮಾಲು ಕೋರ್ಟಿನ ಮುಂದೆ ಬಂದ 14 ದಿನದೊಳಗೆ ಅದರ ವಿವರಪಟ್ಟಿ ಆಗಬೇಕು, ಫೋಟೊ ಆಗಬೇಕು. ಅದಾದ 30 ದಿನದೊಳಗೆ ಮಾಲು ಯಾರಿಗೆ ಸೇರಬೇಕು ಎಂಬ ಆದೇಶ ಆಗಬೇಕು. ಮಾಲು ಇನ್ನೂ ಕೋರ್ಟಿಗೆ ಹೋಗಿಲ್ಲ, ಪೊಲೀಸರು ಜಪ್ತಿಯ ವರದಿಯನ್ನಷ್ಟೇ ಕೊಟ್ಟಿದ್ದಾರೆ ಎಂದರೆ 503ನೇ ಕಲಮಿನ ಕೆಳಗೆ ಅರ್ಜಿ ಹಾಕಿ. ಆದರೆ ಕೇಳದೆ ಯಾರೂ ಮನೆಗೆ ತಂದು ಕೊಡುವುದಿಲ್ಲ. ಅರ್ಜಿ ನಿಮ್ಮ ಕಡೆಯಿಂದಲೇ ಹೋಗಬೇಕು.

“ಅವ್ವ ಹಾಕಿದ ಬಂಗಾರ, ಪಾವತಿ ಎಲ್ಲಿಂದ ತರ್ಲಿ?” ಎಂದೂ ಕೇಳಿದ್ದೀರಿ. ನಮ್ಮ ಕಡೆ ಎಷ್ಟು ಮನೆಯಲ್ಲಿ ಹಳೇ ಬಂಗಾರದ ಪಾವತಿ ಇದ್ದೀತು! ಮದುವೆ, ಕುಬುಸದ ಫೋಟೊದಲ್ಲಿ ಆ ಸರ ಕೊರಳಲ್ಲಿ ಕಾಣುತ್ತಿದ್ದರೆ ಹುಡುಕಿಡಿ. ಫಿರ್ಯಾದಿಯಲ್ಲಿ ಬರೆಸಿದ ತೂಕ, ಗುಂಡಿನ ಲೆಕ್ಕ, ಬೆಸುಗೆ ಹಾಕಿಸಿದ ಗುರುತು, ಮಾಡಿಕೊಟ್ಟ ಪತ್ತಾರರ ಮಾತು, ನಿಮ್ಮ ಪ್ರಮಾಣಪತ್ರ ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಕಳ್ಳ ಅದನ್ನು ಎಲ್ಲೋ ಒತ್ತೆ ಇಟ್ಟಿದ್ದರೂ ಹೆದರಬೇಡಿ. ತನ್ನದಲ್ಲದ ಒಡವೆಯ ಹಕ್ಕನ್ನು ಕಳ್ಳ ಬೇರೆಯವರಿಗೆ ಕೊಡಲಾರ. ಅವರೂ ತಕರಾರು ತೆಗೆದರೆ ಯಾರ ವಶಕ್ಕೆ ಕೊಡಬೇಕೆಂದು ಮ್ಯಾಜಿಸ್ಟ್ರೇಟರು ಎರಡೂ ಕಡೆ ಕೇಳಿ ತೀರ್ಮಾನಿಸುತ್ತಾರೆ.

ಬಾಂಡಿಗೆ ಷರತ್ತು ಇರುತ್ತವೆ: ಮಾರಬಾರದು, ರೂಪ ಬದಲಿಸಬಾರದು, ಕೇಳಿದಾಗ ಹಾಜರುಪಡಿಸಬೇಕು. ಲಗ್ನಕ್ಕೆ ಮಗಳ ಕೊರಳಿಗೆ ಹಾಕ್ರಿ, ಅಡ್ಡಿಯಿಲ್ಲ. ಕರಗಿಸಿ ಹೊಸ ನಮೂನೆ ನೆಕ್ಲೇಸ್ ಮಾಡಿಸುವ ವಿಚಾರ ಇದ್ದರೆ ಮಾತ್ರ ಸದ್ಯಕ್ಕೆ ತಡಕೊಳ್ರಿ.

ಇದೇ ಸಾಲಿನ ಇನ್ನೊಂದು ಪ್ರಶ್ನೆ ಮುಂಡರಗಿ ಕಡೆಯ ಹೊಳೆದಂಡೆಯ ಊರಿನಿಂದ ಬಂದಿದೆ. ತುಂಗಭದ್ರೆಯ ನೆರೆಯಲ್ಲಿ ತೇಲಿಬಂದ ಸಾಮಾನು ಹಿಡಿದು ದಂಡೆಗೆ ಎಳೆದವರದಾ? ಅಲ್ಲ. 1872ರ ಕರಾರು ಕಾಯ್ದೆಯ 71ನೇ ಕಲಮಿನಂತೆ ಸಿಕ್ಕವರು ಅದನ್ನು ಜೋಪಾನ ಮಾಡುವವರು ಅಷ್ಟೇ. ಮಾಲೀಕ ಯಾರೆಂದು ಗೊತ್ತಿದ್ದೂ, ಅಥವಾ ಹುಡುಕುವ ಪ್ರಯತ್ನವನ್ನೇ ಮಾಡದೆ ನುಂಗಿಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಡಿ ಆರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷದವರೆಗಿನ ಸಜೆ, ಜೊತೆಗೆ ದಂಡ. ಆದರೆ ಎಳೆದು ತಂದವರ ಶ್ರಮವನ್ನೂ ಕಾಯ್ದೆ ಮರೆತಿಲ್ಲ. ಕಾಪಾಡಲು, ಮಾಲೀಕರನ್ನು ಹುಡುಕಲು ಆದ ಖರ್ಚು ಕೈಸೇರುವವರೆಗೆ ಸಾಮಾನು ತಡೆದಿಟ್ಟುಕೊಳ್ಳಬಹುದು. ಆ ಖರ್ಚಿಗಾಗಿ ದಾವೆ ಹೂಡಲು ಮಾತ್ರ ಬರುವುದಿಲ್ಲ. ಇಷ್ಟು ಬಹುಮಾನ ಕೊಡುತ್ತೇನೆಂದು ಮಾಲೀಕರು ಮೊದಲೇ ಸಾರಿದ್ದರೆ ಅದನ್ನು ದಾವೆ ಹೂಡಿಯೂ ಪಡೆಯಬಹುದು. ಲಕ್ಕುಂಡಿಯಂಥ ಊರಲ್ಲಿ ಪಾಯ ಅಗೆಯುವಾಗ ಸಿಗುವ ನಿಧಿಯ ಲೆಕ್ಕವೇ ಬೇರೆ. ಅದಕ್ಕೆ ಕರ್ನಾಟಕದ 1962ರ ನಿಧಿ ಕಾಯ್ದೆ ಇದೆ, ಡಿ.ಸಿ.ಯವರಿಗೆ ತಿಳಿಸಬೇಕು.

ಇನ್ನು ಅಕ್ಕಾರ, ವಕೀಲರ ಫೀಜಿನ ಚಿಂತಿ ಬ್ಯಾಡ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ನೆರವು ಪುಕ್ಕಟೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಹಚ್ಚಿ. ಹೋಗುವಾಗ ಎಫ್‌ಐಆರ್ ಪ್ರತಿ, ಆಧಾರ್ ಕಾರ್ಡ್, ಆ ಹಳೇ ಫೋಟೊ ಜೊತೆಗಿರಲಿ.