ಹಡಗಿನ ಹೊಟ್ಟೆಯಿಂದ ನಮ್ಮ ಅಡುಗೆಮನೆಗೆ



ಪ್ರವಾಸ ಅಂದರೆ ನಮಗೆಲ್ಲ ಮೊದಲು ನೆನಪಾಗುವುದು ಧರ್ಮಸ್ಥಳ, ಶೃಂಗೇರಿ, ಹೊರನಾಡು. ನಮ್ಮ ಹುಂಚಕ್ಕಂತೂ ಪದ್ಮಾವತಿ ಅಮ್ಮನವರ ದರ್ಶನಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಹುಂಚದಲ್ಲೇ ಇರುವ ನಾವು ಎಲ್ಲಿಗೆ ಹೋಗೋಣ? ಈ ಸಲ ನಮ್ಮ ಮಹಿಳಾ ಮಂಡಳಿಯವರು ಹೊಸದೊಂದು ಯೋಚನೆ ಮಾಡಿದೆವು. ಮಂಗಳೂರಿನ ಪಣಂಬೂರಿನಲ್ಲಿರುವ ನವಮಂಗಳೂರು ಬಂದರನ್ನು ನೋಡಿ ಬರುವುದು! "ಅಲ್ಲಿ ನೋಡೋಕೆ ಏನಿದೆಯೇ, ಕಲ್ಲಿದ್ದಲು, ಕಬ್ಬಿಣ" ಎಂದು ನಮ್ಮ ಮನೆಯವರು ನಕ್ಕರು. ನಗಲಿ ಬಿಡಿ ಎಂದುಕೊಂಡು, ಮೊದಲೇ ಕಾಗದ ಬರೆದು ಅನುಮತಿ ಪಡೆದು, ಬಸ್ಸು ಗೊತ್ತುಮಾಡಿ ಹೊರಟೇಬಿಟ್ಟೆವು. ಎಪ್ಪತ್ತೈದು ದಾಟಿದ ನಮ್ಮ ಅತ್ತೆಯೂ "ನಾನೂ ಬರ್ತೀನಿ, ಹಡಗು ಹತ್ತಿರದಿಂದ ನೋಡಿಲ್ಲ" ಎಂದು ಚೀಲ ಹಿಡಿದು ನಿಂತರು.

ಬೆಳಗಿನ ಜಾವ ನಗರದ ಕೋಟೆ ದಾಟುವಾಗ, ಜೊತೆಯಲ್ಲಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಒಂದು ಮಾತು ಹೇಳಿದರು. ಇದು ಬಿದನೂರು ಎನಿಸಿಕೊಂಡು ಕೆಳದಿ ಅರಸರ ರಾಜಧಾನಿಯಾಗಿದ್ದ ಕಾಲದಲ್ಲಿ ಮಲೆನಾಡಿನ ಕಾಳುಮೆಣಸು ಘಟ್ಟ ಇಳಿದು ಕರಾವಳಿಯ ಬಂದರುಗಳಿಗೆ ಹೋಗುತ್ತಿತ್ತಂತೆ. ನಾವೂ ಅದೇ ರೀತಿ ಹುಲಿಕಲ್ ಘಾಟಿ ಇಳಿದು, ಕುಂದಾಪುರ, ಉಡುಪಿ ದಾಟಿ ಪಣಂಬೂರು ಸೇರಿದೆವು.

ಗೇಟಿನಲ್ಲಿ ಒಬ್ಬೊಬ್ಬರದೂ ಗುರುತಿನ ಚೀಟಿ ನೋಡಿ ಒಳಗೆ ಬಿಟ್ಟರು. ಅಧಿಕಾರಿಯೊಬ್ಬರು ನಮ್ಮ ಬಸ್ಸಿಗೇ ಹತ್ತಿ, ತಾಳ್ಮೆಯಿಂದ ಎಲ್ಲ ವಿವರಿಸಿದರು. ಮಂಗಳೂರಿನ ಹಳೆಯ ಬಂದರು ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಳಿವೆಯ ಒಳಗಿದೆ. ಅಲ್ಲಿ ಮರಳು ತುಂಬಿ ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ಅದು ದೂರದಲ್ಲೇ ನಿಲ್ಲಬೇಕು, ದೋಣಿಗಳಲ್ಲಿ ಸರಕು ಸಾಗಿಸಬೇಕು. ಮಳೆಗಾಲದಲ್ಲಿ ಅದಕ್ಕೂ ದಾರಿಯಿಲ್ಲ. ಅದಕ್ಕೇ ಪಣಂಬೂರಿನಲ್ಲಿ ನೆಲವನ್ನೇ ತೋಡಿ, ಕಡಲ ನೀರನ್ನು ಒಳಗೆ ಬಿಟ್ಟುಕೊಂಡು, ಅಲೆ ತಡೆಯಲು ಎರಡು ಕಡೆ ಕಲ್ಲಿನ ದಂಡೆ ಕಟ್ಟಿ ಬಂದರು ಮಾಡಿದರು. ಇದಕ್ಕಾಗಿ ಪಟ್ಟುಹಿಡಿದು ದುಡಿದವರು ಲೋಕಸಭಾ ಸದಸ್ಯರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು. ಪಾಪ, 1965ರಲ್ಲೇ ತೀರಿಕೊಂಡ ಅವರಿಗೆ ಇದನ್ನು ನೋಡುವ ಯೋಗ ಇರಲಿಲ್ಲ. ಬಂದರನ್ನು ಉದ್ಘಾಟಿಸಿದವರು ಪ್ರಧಾನಿಯಾಗಿದ್ದ ಇಂದಿರಾ ಗಾಂಧಿ, 1975ರ ಜನವರಿ 11ರಂದು.

ಅಷ್ಟು ದೊಡ್ಡ ಹಡಗು ತನ್ನಷ್ಟಕ್ಕೆ ತಾನು ದಕ್ಕೆಗೆ ಬಂದು ನಿಲ್ಲುತ್ತದೆ ಎಂದುಕೊಂಡಿದ್ದೆ. ಹಾಗಲ್ಲವಂತೆ. ಇಲ್ಲಿನ ನೀರಿನ ಆಳ, ಸೆಳವು ಬಲ್ಲ ಪೈಲಟ್ ಒಬ್ಬರು ದೋಣಿಯಲ್ಲಿ ಹೋಗಿ, ಹಗ್ಗದ ಏಣಿ ಹಿಡಿದು ಹಡಗು ಹತ್ತುತ್ತಾರೆ. ಅವರು ದಾರಿ ಹೇಳಬೇಕು, 'ಟಗ್' ಎಂಬ ಗಿಡ್ಡ ದೋಣಿಗಳು ಎಳೆದು ನೂಕಿ ಒಳಗೆ ತರಬೇಕು. ಮದುಮಗಳನ್ನು ಸೋದರತ್ತೆಯರು ಹಸೆಮಣೆಗೆ ಕರೆತಂದ ಹಾಗೆ!

ಒಂದು ಹಡಗಿನಿಂದ ಕಲ್ಲಿದ್ದಲು ಇಳಿಯುತ್ತಿತ್ತು. ಕ್ರೇನಿನ ತುದಿಯ ಕಬ್ಬಿಣದ ಬಾಯಿ ಹಡಗಿನ ಹೊಟ್ಟೆಗೆ ಇಳಿದು, ಒಂದೇ ತುತ್ತಿಗೆ ಎಷ್ಟೋ ಕಚ್ಚಿಕೊಂಡು ಮೇಲೆ ಬರುತ್ತದೆ. ಧೂಳು ಏಳದಂತೆ ನೀರು ಚಿಮುಕಿಸುತ್ತಾರೆ. ಒಂದು ಕಾಲಕ್ಕೆ ಇಲ್ಲಿಂದ ಹೊರಗೆ ಹೋಗುತ್ತಿದ್ದದ್ದು ಕುದುರೆಮುಖದ ಕಬ್ಬಿಣದ ಅದಿರು. ನೀರಿನಲ್ಲಿ ಕದಡಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದಿಂದ ಇಲ್ಲಿಯವರೆಗೆ ಹರಿಸುತ್ತಿದ್ದರು. ಕಾಡು, ಹೊಳೆ ಉಳಿಯಬೇಕೆಂಬ ಹೋರಾಟ ನಡೆದು, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿನ ಗಣಿ ನಿಂತಿತು.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ನಾವು ದಿನಾ ಹಚ್ಚುವ ಅಡುಗೆ ಅನಿಲ ದ್ರವರೂಪದಲ್ಲಿ ಹಡಗಿನಲ್ಲಿ ಬಂದು, ಪೈಪಿನ ಮೂಲಕ ಟ್ಯಾಂಕು ಸೇರುತ್ತದೆ. ಹಪ್ಪಳ ಕರಿಯುವ ಪಾಮ್ ಎಣ್ಣೆ, ಅಡಿಕೆ ತೋಟಕ್ಕೆ ಹಾಕುವ ಪೊಟ್ಯಾಶ್ ಗೊಬ್ಬರ ಬರುವುದೂ ಪರದೇಶದಿಂದಲೇ. ನನಗೆ ಹೆಚ್ಚು ಆಶ್ಚರ್ಯವಾದದ್ದು ಗೋಡಂಬಿ. ಗೇರುಬೀಜ ನಮ್ಮ ಕರಾವಳಿಯ ಬೆಳೆ ತಾನೇ ಅಂದರೆ, ಅದು ಸಾಲದೆ ಆಫ್ರಿಕಾದಿಂದಲೂ ಹಡಗಿನಲ್ಲಿ ತರಿಸುತ್ತಾರಂತೆ. ಕಾರ್ಖಾನೆಗಳಲ್ಲಿ ಕೂತು ಅದನ್ನು ಸುಲಿದು, ಆರಿಸಿ, ಬೇರೆ ಬೇರೆ ಮಾಡುವವರು ಹೆಚ್ಚಾಗಿ ಹೆಂಗಸರು. ಗೇರು ಸಿಪ್ಪೆಯ ಎಣ್ಣೆ ತಾಗಿದರೆ ಕೈ ಸುಡುತ್ತದೆ ಎಂಬುದು ನಿಮಗೂ ಗೊತ್ತು. ಪಾಯಸದ ಮೇಲೆ ತೇಲುವ ಒಂದು ಗೋಡಂಬಿಯ ಹಿಂದೆ ಎಷ್ಟು ಕೈ ಇವೆ ನೋಡಿ!

ನಾವೆಲ್ಲ ಹೀಗೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಾಗ ಅತ್ತೆ ಮಾತ್ರ ನೀರನ್ನೇ ನೋಡುತ್ತಿದ್ದರು. ಮೆಲ್ಲಗೆ ಅಧಿಕಾರಿಯನ್ನು ಕೇಳಿದರು:

"ಅಲ್ಲಪ್ಪಾ, ಈ ನೀರಿರೋ ಜಾಗದಲ್ಲಿ ಮೊದಲು ಏನಿತ್ತು?"

"ಗದ್ದೆ, ತೆಂಗು, ಮನೆ ಎಲ್ಲ ಇತ್ತು ಅಮ್ಮಾ."

"ಆ ಜನ ಎಲ್ಲಿಗೆ ಹೋದರು?"

"1960ರ ದಶಕದಲ್ಲೇ ಎಬ್ಬಿಸಿದ್ದು. ಕಾಟಿಪಳ್ಳ, ಕೃಷ್ಣಾಪುರದ ಕಡೆ ಜಾಗ ಕೊಟ್ಟರು. ಈಗ ಮೊಮ್ಮಕ್ಕಳ ಕಾಲ."

ಅತ್ತೆ ತಲೆಯಾಡಿಸಿ, "ನಮ್ಮಲ್ಲಿ ನೀರು ತಾನೇ ಏರಿ ಬಂತು. ಇಲ್ಲಿ ನೆಲ ತೋಡಿ ನೀರನ್ನ ಕರೆದಿದ್ದಾರೆ. ಹೋಗಿದ್ದು ಮಾತ್ರ ಒಂದೇ" ಎಂದರು.

ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಸಾಗರ, ಹೊಸನಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆದದ್ದು 1964ರಲ್ಲಿ. ನಾಡಿಗೆಲ್ಲ ದೀಪ ಹತ್ತಿತು, ನಮ್ಮ ಕಡೆಯ ಊರುಗಳು ಮುಳುಗಿದವು. ಪಾತ್ರೆಪಡಗ, ದನಕರು ಲಾರಿಗೆ ಹತ್ತಿಸಿಕೊಂಡು ಹೊರಟವರಲ್ಲಿ ಅತ್ತೆಯ ತವರಿನವರೂ ಒಬ್ಬರು. ಆಗ ಅವರಿಗೆ ಹದಿಮೂರೋ ಹದಿನಾಲ್ಕೋ ವರ್ಷ.

ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಸೊಸೆಯಾಗಿ ಇಪ್ಪತ್ತೈದು ವರ್ಷವಾದರೂ ಅತ್ತೆಯ ತವರೂರು ಯಾವುದು ಎಂದು ನಾನು ಕೇಳಿರಲಿಲ್ಲ. ಯಾರಾದರೂ ಕೇಳಿದರೆ 'ಮುಳುಗಡೆಯವರು' ಅಂದುಬಿಡುತ್ತಿದ್ದೆ, ಮುಳುಗಡೆ ಎಂಬುದೇ ಒಂದು ಊರಿನ ಹೆಸರೋ ಎಂಬಂತೆ. ಅವತ್ತು ವಾಪಸು ಬರುವಾಗ ಪಕ್ಕದಲ್ಲಿ ಕೂತು ಕೇಳಿದೆ. ಹೆಬ್ಬಾಗಿಲು, ಬಾವಿಕಟ್ಟೆ, ಹೊಳೆಗೆ ಇಳಿಯುವ ದಾರಿ, ಬೊಕ್ಕೆ ಹಲಸಿನ ಮರ, ಪಕ್ಕದ ಮನೆಯ ಗೆಳತಿ, ಎಲ್ಲವನ್ನೂ ಹೇಳಿದರು. ಘಾಟಿ ಹತ್ತಿದ್ದೇ ಗೊತ್ತಾಗಲಿಲ್ಲ. ಆ ಊರಿನ ಹೆಸರನ್ನು ಮನೆಯ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ.

ನೀವೂ ಬಂದರು ನೋಡಲು ಹೋಗುವುದಾದರೆ ಅನುಮತಿಗೆ ಮುಂಚಿತವಾಗಿ ಬರೆಯಿರಿ, ಗುರುತಿನ ಚೀಟಿ ಮರೆಯಬೇಡಿ. ಫೋಟೋ ತೆಗೆಯುವಂತಿಲ್ಲ. ಜಾರದ ಚಪ್ಪಲಿ ಇರಲಿ, ಸೆರಗು ಸಿಕ್ಕಿಸಿಕೊಳ್ಳಿ, ಮಕ್ಕಳ ಕೈ ಬಿಡಬೇಡಿ. ಕುಡಿಯುವ ನೀರು, ಮೊಸರನ್ನದ ಬುತ್ತಿ ಜೊತೆಗಿರಲಿ.

ಮನೆಯಲ್ಲಿ ಮುಳುಗಡೆಯ ಹಿರಿಯರಿದ್ದರೆ ಅವರನ್ನು ಬಿಟ್ಟು ಹೋಗಬೇಡಿ. ಪ್ರವಾಸಕ್ಕೆ ಹೋಗಲಾಗದಿದ್ದರೂ ಚಿಂತೆಯಿಲ್ಲ. ಇವತ್ತು ಸಂಜೆ ಕಾಫಿ ಕೊಡುವಾಗ ಒಂದು ಗಳಿಗೆ ಪಕ್ಕದಲ್ಲಿ ಕೂತು, ಅವರ ಊರಿನ ಹೆಸರು ಕೇಳಿ.