ಅಳಿದವರು, ಕಾದವರು, ಸುಮ್ಮನಿದ್ದವರು

ಅಲಕ್ಷ್ಯಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ಒಂದೇ ಕ್ರಿಯಾಪದ ಸಾಲದು. ತೋಟವನ್ನೋ ಆರೋಗ್ಯವನ್ನೋ ನಿಗಾ ಇಲ್ಲದೆ ಬಿಟ್ಟರೆ 'ದೆಸ್ಕುಯಿದಾರ್', ಮಾಡಬೇಕಾದ ಕರ್ತವ್ಯದ ಕಡೆ ಗಮನ ಕೊಡದಿದ್ದರೆ 'ದೆಸಾತೆಂದೆರ್', ಪೂರ್ತಿ ಕೈಬಿಟ್ಟು ನಡೆದರೆ 'ಅಬಾಂದೊನಾರ್'. ನಾವೇನೂ ಬಡವರಲ್ಲ. 'ಕಡೆಗಣಿಸು' ಎಂಬಲ್ಲಿ ಕಡೆಗಣ್ಣಿದೆ, 'ಉಪೇಕ್ಷೆ'ಯಲ್ಲಿ ಈಕ್ಷಣವಿದೆ. ಎರಡರಲ್ಲೂ ನೋಡಿದವನೊಬ್ಬನಿದ್ದಾನೆ, ಕಂಡೂ ಸುಮ್ಮನಿದ್ದಾನೆ.

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಈ ಸುಮ್ಮನಿರುವವನನ್ನು ಹುಡುಕಬಹುದು. ಶಾಸನಗಳಿಗೆ ಇಲ್ಲಿ ಬರವಿಲ್ಲ. ಬಿ.ಎಲ್. ರೈಸ್ 1902ರಲ್ಲಿ ಶಿಕಾರಿಪುರದವನ್ನೂ 1904ರಲ್ಲಿ ಸೊರಬದವನ್ನೂ ಅಚ್ಚು ಹಾಕಿಸಿದರು. ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನವಂತೂ ಅಲ್ಲಿ ಪಾಣಿನಿ, ಶಾಕಟಾಯನರ ವ್ಯಾಕರಣ ಕಲಿಸುತ್ತಿದ್ದರು, ಹಸಿದವರಿಗೆ ಅನ್ನ, ರೋಗಿಗಳಿಗೆ ಮದ್ದು ಕೊಡುತ್ತಿದ್ದರು ಎಂದು ಹೇಳುತ್ತದೆ. ಕ್ರಿಯಾಪದದ ಚರ್ಚೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ಈ ಸೀಮೆಯ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಕ್ರಿಯಾಪದ 'ಬಿಡು'. ದೇವರಿಗೆ ಗದ್ದೆ ಬಿಟ್ಟರು, ಕೆರೆಯ ಹೂಳೆತ್ತಲು, ಏರಿ ಕಾಯಲು ಭೂಮಿ ಬಿಟ್ಟರು. ಉಂಬಳಿ ಬಿಡುವುದೂ ಅದೇ ಕ್ರಿಯೆ, ಪಾಳು ಬಿಡುವುದೂ ಅದೇ. ಕೊನೆಗೆ ಬರುವ ಶಾಪಾಶಯದಲ್ಲಿ ಸಾಮಾನ್ಯವಾಗಿ ಇಬ್ಬರೇ: ಧರ್ಮವನ್ನು ಪ್ರತಿಪಾಲಿಸಿದವನಿಗೆ ಪುಣ್ಯ, ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಅಳಿಯದೆ, ಕಾಯದೆ, ತೂಬಿನಲ್ಲಿ ಗಿಡ ಬೆಳೆಯುವುದನ್ನು ನೋಡುತ್ತ ಕೂತವನಿಗೆ ಏನು? ಅವನ ಹೆಸರೇ ಇಲ್ಲ.

ನಮ್ಮ ಕಾನೂನಿನದೂ ಅದೇ ಹಾದಿ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ 30ನೇ ಕಲಮು ಸಂರಕ್ಷಿತ ಸ್ಮಾರಕವನ್ನು ನಾಶಪಡಿಸಿದವರಿಗೆ, ವಿರೂಪಗೊಳಿಸಿದವರಿಗೆ, ದುರುಪಯೋಗ ಮಾಡಿದವರಿಗೆ ಶಿಕ್ಷೆ ಹೇಳುತ್ತದೆ. 2010ರ ತಿದ್ದುಪಡಿಯ ನಂತರ ಅದು ಎರಡು ವರ್ಷದ ಸೆರೆವಾಸದವರೆಗೆ, ಒಂದು ಲಕ್ಷದ ದಂಡದವರೆಗೆ. ಅಲಕ್ಷಿಸಿದವನು ಆ ಪಟ್ಟಿಯಲ್ಲಿಲ್ಲ. (ಇದ್ದಿದ್ದರೆ ಜೈಲುಗಳು ಸಾಲುತ್ತಿರಲಿಲ್ಲ, ಆ ಮಾತು ಬೇರೆ.)

ನಾವು ಪತ್ರಿಕೆಯವರು ಅವನಿಗೆ ಇನ್ನೂ ಒಳ್ಳೆಯ ಮರೆ ಕಟ್ಟಿಕೊಟ್ಟಿದ್ದೇವೆ: 'ನಿರ್ಲಕ್ಷ್ಯಕ್ಕೆ ಒಳಗಾದ ದೇಗುಲ', 'ಪಾಳು ಬಿದ್ದ ಕೆರೆ'. ಕೆರೆ ತಾನಾಗಿ ಪಾಳು ಬೀಳುವುದಿಲ್ಲ, ಯಾರೋ ಬಿಡುತ್ತಾರೆ. ಸೊರಬದ ಕಡೆಯ ಯಾವುದೇ ಊರಿನ ರೈತರನ್ನು ಕೇಳಿ ನೋಡಿ: ಕೋಡಿ ಒಡೆದದ್ದು ಯಾವ ಮಳೆಗಾಲದಲ್ಲಿ, ಅರ್ಜಿ ಯಾರ ಮೇಜಿನ ಮೇಲೆ ಕೂತಿದೆ ಎಂದು ಕರ್ತೃ ಸಮೇತ ವಾಕ್ಯ ಹೇಳುತ್ತಾರೆ. ವರದಿಗಾರ ಮಿತ್ರರೇ, ಮುಂದಿನ ಸಲ ಆ ವಾಕ್ಯವನ್ನು ಹಾಗೆಯೇ ಬರೆಯಿರಿ.