ಮೇಲಿನ ಮುದ್ರೆಗಿಂತ ಮೂಲದ ಬರಹ ಮುಖ್ಯ

ವಿವಾಹವೆಂಬುದು ನಮ್ಮ ಗ್ರಾಮಜೀವನದಲ್ಲಿ ಬರಹದ ಪುರಾವೆಯನ್ನು ಬೇಡದೆ ನಡೆದುಬಂದ ಸಂಸ್ಥೆ. ಶಿಕಾರಿಪುರದ ಹುಚ್ಚರಾಯಸ್ವಾಮಿಯ ಸನ್ನಿಧಿಯಲ್ಲಾಗಲಿ, ಚಂದ್ರಗುತ್ತಿಯ ರೇಣುಕಾಂಬೆಯ ಬೆಟ್ಟದ ಬುಡದಲ್ಲಾಗಲಿ, ಶಿರಾಳಕೊಪ್ಪದ ಮನೆಯಂಗಳದಲ್ಲಿ ಖಾಜಿಯವರ ಸಮಕ್ಷಮದಲ್ಲಾಗಲಿ, ನಾಲ್ಕೂರಿನ ನೆಂಟರಿಷ್ಟರು ಬಂದು ಹರಸಿ, ಉಂಡು ಹೋದ ಮೇಲೆ, ಇವರು ದಂಪತಿಗಳು ಹೌದೋ ಅಲ್ಲವೋ ಎಂದು ಕೇಳುವವರೇ ಇರಲಿಲ್ಲ; ಊರೇ ಅದಕ್ಕೆ ಸಾಕ್ಷಿಯಾಗಿತ್ತು. ಆದರೆ ಸೊರಬದ ತರುಣನೊಬ್ಬ ದುಬೈಯಲ್ಲಿ ಉದ್ಯೋಗ ಹಿಡಿದು ಹೆಂಡತಿಯನ್ನು ಕರೆಸಿಕೊಳ್ಳಬಯಸಿದಾಗ, ಶಿಕಾರಿಪುರದ ಹೆಣ್ಣುಮಗಳೊಬ್ಬಳು ಕೆನಡಾದಲ್ಲಿರುವ ಪತಿಯನ್ನು ಸೇರಬಯಸಿದಾಗ, ಊರಿನ ಆ ಸಾಕ್ಷ್ಯವು ಸಮುದ್ರವನ್ನು ದಾಟಲಾರದು. ಅಲ್ಲಿಯ ಅಧಿಕಾರಿಗೆ ನಮ್ಮ ಊರೂ ಗೊತ್ತಿಲ್ಲ, ಪುರೋಹಿತರೂ ಗೊತ್ತಿಲ್ಲ. ಅವನು ಕೇಳುವುದು ವಿವಾಹ ನೋಂದಣಿ ಪತ್ರವನ್ನು, ಅದರ ಮೇಲೆ ಸರ್ಕಾರದ ದೃಢೀಕರಣವನ್ನು.

ಇಂತಹ ಸಂದರ್ಭ ಒದಗಿದಾಗ ಕಷ್ಟವೆಲ್ಲ ಬೆಂಗಳೂರು ದೆಹಲಿಗಳಲ್ಲಿದೆಯೆಂದೂ, ಅಲ್ಲಿಯ ಮುದ್ರೆಯೊಂದು ದೊರೆತರೆ ಕಾರ್ಯ ಗೆದ್ದಂತೆಯೇ ಎಂದೂ ಜನ ಭಾವಿಸುವುದುಂಟು. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾದುದು. ಈ ಕಾರ್ಯದ ತಿರುಳಿರುವುದು ತಾಲ್ಲೂಕಿನ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ. ಅಲ್ಲಿ ಬರೆದದ್ದು ಶುದ್ಧವಾಗಿದ್ದರೆ ಮಿಕ್ಕದ್ದು ಕಾಲದ ಮತ್ತು ತಾಳ್ಮೆಯ ಪ್ರಶ್ನೆ. ಅಶುದ್ಧವಾಗಿದ್ದರೆ ಮೇಲೆ ಬಿದ್ದ ಎಷ್ಟು ಮುದ್ರೆಗಳೂ ಅದನ್ನು ಶುದ್ಧಗೊಳಿಸಲಾರವು.

ಕ್ರಮವನ್ನು ಸ್ಥೂಲವಾಗಿ ಹೇಳುವುದಾದರೆ, ಉಪನೋಂದಣಾಧಿಕಾರಿ ಕೊಟ್ಟ ಪತ್ರವನ್ನು ಮೊದಲು ರಾಜ್ಯ ಸರ್ಕಾರ ದೃಢೀಕರಿಸಬೇಕು. ನಮ್ಮಲ್ಲಿ ಈ ಹೊಣೆ ಬೆಂಗಳೂರಿನ ಗೃಹ ಇಲಾಖೆಗೆ ಸೇರಿದುದು. ಅನಂತರ ಅದು ಕೇಂದ್ರದ ವಿದೇಶಾಂಗ ಮಂತ್ರಾಲಯಕ್ಕೆ ಹೋಗತಕ್ಕದ್ದು. ಮಂತ್ರಾಲಯವು ಪತ್ರಗಳನ್ನು ಜನರಿಂದ ನೇರವಾಗಿ ಸ್ವೀಕರಿಸದೆ, ತಾನು ನೇಮಿಸಿದ ಸಂಸ್ಥೆಗಳ ಮೂಲಕ ಪಡೆಯುತ್ತದೆ; 2019ರಿಂದ ಈ ಕಾರ್ಯ ದೆಹಲಿಯಲ್ಲಲ್ಲದೆ ಬೆಂಗಳೂರಿನಲ್ಲಿಯೂ ನಡೆಯುತ್ತಿದೆ. ಪತ್ರ ಸೇರಬೇಕಾದ ದೇಶವು 1961ರ ಅಕ್ಟೋಬರ್ 5ರ ಹೇಗ್ ಒಡಂಬಡಿಕೆಗೆ ಸೇರಿದ್ದರೆ, ಸಾಮಾನ್ಯವಾಗಿ ಅಪೋಸ್ಟಿಲ್ ಎಂಬ ಒಂದೇ ಮುದ್ರೆ ಸಾಕು. ಈ ಒಡಂಬಡಿಕೆ ಭಾರತದ ಮಟ್ಟಿಗೆ 2005ರ ಜುಲೈ 14ರಿಂದ ಜಾರಿಯಲ್ಲಿದೆ. ಸೌದಿ ಅರೇಬಿಯಾದಲ್ಲಿ 2022ರಲ್ಲಿ, ಕೆನಡಾದಲ್ಲಿ 2024ರ ಜನವರಿಯಲ್ಲಿ ಅದು ಜಾರಿಗೆ ಬಂದಿತು. ಸಂಯುಕ್ತ ಅರಬ್ ಎಮಿರೇಟ್ಸ್, ಕತಾರ್, ಕುವೈತ್‌ಗಳಂತೆ ಹೊರಗುಳಿದ ದೇಶಗಳಿಗಾದರೋ ಮಂತ್ರಾಲಯದ ಸಾಮಾನ್ಯ ದೃಢೀಕರಣವಾದ ಮೇಲೆ ಆ ದೇಶದ ರಾಯಭಾರ ಕಚೇರಿಯ ಒಪ್ಪಿಗೆಯೂ ಬೇಕು.

ಇಷ್ಟೆಲ್ಲ ಮೆಟ್ಟಿಲುಗಳನ್ನು ಏರಿದ ಪತ್ರದ ವಿಷಯದಲ್ಲಿ ಸರ್ಕಾರ ನೀಡುವ ಭರವಸೆಯಾದರೂ ಏನು? ಈ ಸಹಿ ಈ ಅಧಿಕಾರಿಯದು, ಈ ಮುದ್ರೆ ಈ ಕಚೇರಿಯದು ಎಂಬುದಷ್ಟೇ. ಪತ್ರದೊಳಗಿನ ಸಂಗತಿಗೆ ತಾನು ಹೊಣೆಯಲ್ಲವೆಂದು ವಿದೇಶಾಂಗ ಮಂತ್ರಾಲಯ ಸ್ಪಷ್ಟವಾಗಿಯೇ ಹೇಳುತ್ತದೆ. ಅಪೋಸ್ಟಿಲಿನ ಅರ್ಥವೂ ಅದಕ್ಕಿಂತ ಹೆಚ್ಚಿನದಲ್ಲ. ಪ್ರತಿಯೊಂದು ಮೇಲಿನ ಕೈ ತನ್ನ ಕೆಳಗಿನ ಕೈಯನ್ನು ಗುರುತಿಸುತ್ತದೆಯೇ ಹೊರತು, ಮದುವೆಯನ್ನು ಕಂಡವರು ಆ ಸಾಲಿನಲ್ಲಿ ಒಬ್ಬರೂ ಇಲ್ಲ. ವಧೂವರರನ್ನೂ ಸಾಕ್ಷಿಗಳನ್ನೂ ಎದುರಿಗೆ ನಿಲ್ಲಿಸಿಕೊಂಡು ವಿಚಾರಿಸಬಲ್ಲ ಸ್ಥಾನ ತಾಲ್ಲೂಕಿನ ಕಚೇರಿಯೊಂದೇ. ಜರ್ಮನಿಯು ಹೇಗ್ ಒಡಂಬಡಿಕೆಗೆ ಭಾರತ ಸೇರಿದುದಕ್ಕೆ ಆಕ್ಷೇಪವನ್ನು ಸಲ್ಲಿಸಿ, ನಮ್ಮ ಪತ್ರಗಳನ್ನು ಮುದ್ರೆಯ ಬಲದಿಂದಲೇ ಒಪ್ಪದೆ, ಅವು ಹುಟ್ಟಿದ ಸ್ಥಳದಲ್ಲಿ ವಿಚಾರಣೆ ನಡೆಸುವ ಪದ್ಧತಿಯನ್ನು ಅನುಸರಿಸಿತು. ನಮಗೆ ಇದು ಅಪ್ರಿಯವಾದ ಸಂಗತಿಯಾದರೂ, ಸತ್ಯವನ್ನು ಹುಡುಕಬೇಕಾದರೆ ಮೂಲಕ್ಕೇ ಬರಬೇಕೆಂಬ ತತ್ತ್ವ ಅದರಲ್ಲಿ ಅಡಗಿದೆ.

ಈ ಮೂಲದಲ್ಲಿ ನಮ್ಮ ಜನ ಎಡವುವುದು ಹೆಚ್ಚಾಗಿ ಹೆಸರುಗಳಲ್ಲಿ. ಲಗ್ನಪತ್ರಿಕೆಯಲ್ಲಿ ಮನೆಯವರು ಕರೆಯುವ ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮೇಷ್ಟರು ಬರೆದ ಹೆಸರು, ಆಧಾರಿನಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಪಾಸ್‌ಪೋರ್ಟಿನಲ್ಲಿ ಅದೇ ಅಕ್ಷರ ಬಿಚ್ಚಿಕೊಂಡು ಪೂರ್ಣನಾಮ: ಹೀಗೆ ಒಬ್ಬಳೇ ಹೆಣ್ಣುಮಗಳು ನಾಲ್ಕು ಕಾಗದಗಳಲ್ಲಿ ನಾಲ್ವರಾಗಿ ಕಾಣುವಳು. ಊರಿನಲ್ಲಿ ಇದರಿಂದ ಯಾರಿಗೂ ಬಾಧೆಯಿಲ್ಲ. ಪರದೇಶದ ವೀಸಾ ಕಚೇರಿಯಲ್ಲಿ ಮಾತ್ರ ಒಂದಕ್ಷರದ ಭೇದವೇ ಸಂಶಯಕ್ಕೆ ಕಾರಣವಾಗಿ, ಗಂಡಹೆಂಡಿರು ತಿಂಗಳುಗಟ್ಟಲೆ ಅಗಲಿರಬೇಕಾದೀತು. ಅದನ್ನು ತಿದ್ದುವ ಅಧಿಕಾರ ರಾಯಭಾರ ಕಚೇರಿಗಿಲ್ಲ, ಮಂತ್ರಾಲಯಕ್ಕಿಲ್ಲ. ಪತ್ರ ಮತ್ತೆ ಸೊರಬಕ್ಕೋ ಶಿಕಾರಿಪುರಕ್ಕೋ ಮರಳಿ ಬರಬೇಕು.

ದೂರದ ಸಂಬಂಧವನ್ನು ಸ್ಥಿರವಾಗಿ ಬರೆದಿಡಬೇಕೆಂಬ ವಿವೇಕ ಈ ನೆಲಕ್ಕೆ ಹೊಸತಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕದಂಬರ ಸ್ತಂಭಶಾಸನವು, ಕಾಕುಸ್ಥವರ್ಮನು ತನ್ನ ಪುತ್ರಿಯರನ್ನು ಗುಪ್ತರೇ ಮೊದಲಾದ ರಾಜಕುಲಗಳಿಗೆ ಕೊಟ್ಟು ಸಂಬಂಧ ಬೆಳೆಸಿದನೆಂಬುದನ್ನು ದಾಖಲಿಸಿದೆ. ಅದನ್ನು ರಚಿಸಿದ ಕವಿ ಕುಬ್ಜನು, ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ತನ್ನ ಹೆಸರನ್ನು ಕಾಣಿಸಿದ್ದಾನೆ. ಬರೆದವನು ತನ್ನ ಬರಹಕ್ಕೆ ಹೊಣೆಯಾಗಿ ನಿಲ್ಲುವ ಈ ನಿಷ್ಠೆಯೇ ಇಂದಿನ ನೋಂದಣಿ ಕಚೇರಿಗಳಿಂದಲೂ ನಾವು ಅಪೇಕ್ಷಿಸತಕ್ಕದ್ದು.

ಕಾನೂನಿನ ಕೊರತೆ ನಮಗಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ನೋಂದಣಿಗೆ ಅವಕಾಶವಿದೆ. ಕರ್ನಾಟಕವು 1976ರಲ್ಲಿಯೇ ವಿವಾಹ ನೋಂದಣಿಗೆಂದು ಪ್ರತ್ಯೇಕ ಕಾಯಿದೆಯನ್ನು ಮಾಡಿತು. ಸರ್ವೋಚ್ಚ ನ್ಯಾಯಾಲಯವು 2006ರ ಫೆಬ್ರವರಿಯಲ್ಲಿ, ಯಾವ ಮತದವರೇ ಆಗಲಿ, ವಿವಾಹಗಳ ನೋಂದಣಿ ಕಡ್ಡಾಯವಾಗಬೇಕೆಂದು ನಿರ್ದೇಶಿಸಿತು. ಆದರೂ ನೋಂದಣಿಯ ನೆನಪಾಗುವುದು ಅನೇಕರಿಗೆ ವೀಸಾದ ಅರ್ಜಿ ಕೈಗೆ ಬಂದಾಗಲೇ. ಆ ಆತುರದ ಗಳಿಗೆಯಲ್ಲಿಯೇ ಮಧ್ಯವರ್ತಿ ಪ್ರವೇಶಿಸುವುದು. ಅಪೋಸ್ಟಿಲಿಗೆ ಮಂತ್ರಾಲಯ ವಿಧಿಸಿರುವ ಶುಲ್ಕ 50 ರೂಪಾಯಿ, ಸಂಗ್ರಹಣ ಸಂಸ್ಥೆಯ ಸೇವಾಶುಲ್ಕ ಅದರ ಮೇಲೆ ಅಲ್ಪ ಮೊತ್ತ. ಆದರೆ ದಾರಿ ತಿಳಿಯದ ಬಡವನು ಸಾವಿರಗಳ ಲೆಕ್ಕದಲ್ಲಿ ಹಣ ತೆರುತ್ತಾನೆ. ಅವನು ತೆರುವುದು ಮುದ್ರೆಯ ಬೆಲೆಯಲ್ಲ, ತನ್ನ ಅಜ್ಞಾನದ ದಂಡ. ಆ ಅಜ್ಞಾನಕ್ಕೆ ಹೊಣೆ ಅವನೊಬ್ಬನೇ ಅಲ್ಲ.

ಆದುದರಿಂದ ಸರ್ಕಾರವನ್ನು ಕೇಳಬೇಕಾದುದು ಮೂರು ಸಂಗತಿಗಳು. ಮುನ್ನೂರು ಕಿಲೋಮೀಟರಿಗೂ ಮಿಕ್ಕ ದೂರದ ಬೆಂಗಳೂರಿಗೆ ಒಂದು ಸಹಿಗಾಗಿ ಜನರನ್ನು ಅಲೆಸದೆ, ಗೃಹ ಇಲಾಖೆಯ ದೃಢೀಕರಣವನ್ನು ಶಿವಮೊಗ್ಗದ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿಯೋ ಸಾಗರದ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿಯೋ ದೊರೆಯುವಂತೆ ಮಾಡಬೇಕು. ಉಪನೋಂದಣಾಧಿಕಾರಿಗಳು ವರ್ಗವಾದಾಗ ಹೊಸಬರ ಸಹಿಯ ಮಾದರಿಯು ವಿಳಂಬವಿಲ್ಲದೆ ಮೇಲಿನ ಕಚೇರಿಗಳನ್ನು ತಲುಪಬೇಕು. ಶುಲ್ಕ, ಕ್ರಮ, ಯಾವ ದೇಶಕ್ಕೆ ಯಾವ ಮುದ್ರೆ ಎಂಬ ವಿವರಗಳು ಸರಳ ಕನ್ನಡದಲ್ಲಿ ಪ್ರತಿಯೊಂದು ನೋಂದಣಿ ಕಚೇರಿಯ ಗೋಡೆಯ ಮೇಲೆಯೂ ಇರಬೇಕು. 2023ರಿಂದ ನಡೆಯುತ್ತಿರುವ, ರಾಜ್ಯದ ನೋಂದಣಿ ಕಚೇರಿಗಳ ಕಾವೇರಿ 2.0 ಗಣಕ ವ್ಯವಸ್ಥೆಯೂ, ಪತ್ರಗಳನ್ನು ಗಣಕದ ಮೂಲಕವೇ ದೃಢೀಕರಿಸುವ ಕೇಂದ್ರದ ಇ-ಸನದ್ ವ್ಯವಸ್ಥೆಯೂ ಒಂದಕ್ಕೊಂದು ಕೂಡಿಕೊಂಡರೆ, ಆನವಟ್ಟಿಯ ಮನೆಯಲ್ಲಿ ಕುಳಿತೇ ಈ ಕಾರ್ಯವನ್ನು ಮುಗಿಸಬಹುದು.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಒಂದುಂಟು, ಅದು ನಮ್ಮದು. ಮಗಳ ಮದುವೆಗೆ ಛತ್ರವನ್ನೂ ಅಡಿಗೆಯವರನ್ನೂ ತಿಂಗಳುಗಳ ಮೊದಲೇ ಗೊತ್ತುಮಾಡುವ ತಂದೆತಾಯಿಗಳು, ಮದುವೆಯಾದ ತಿಂಗಳೊಳಗೆ ನೋಂದಣಿಯನ್ನೂ ಮಾಡಿಸಲಿ. ವಧೂವರರ ಹೆಸರುಗಳನ್ನು ಪಾಸ್‌ಪೋರ್ಟಿನೊಡನೆ, ಪಾಸ್‌ಪೋರ್ಟ್ ಇಲ್ಲದಿದ್ದರೆ ಅಂಕಪಟ್ಟಿಯೊಡನೆ, ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿದ ಮೇಲೆಯೇ ಸಹಿ ಹಾಕಲಿ. ದೃಢೀಕರಣದ ಮುದ್ರೆ ಪತ್ರದ ಬೆನ್ನಿನ ಮೇಲೆಯೇ ಬೀಳತಕ್ಕದ್ದಾದ್ದರಿಂದ ಅದಕ್ಕೆ ಲ್ಯಾಮಿನೇಷನ್ ಮಾಡಿಸದಿರಲಿ. ಪರದೇಶಕ್ಕೆ ಹೋಗುವ ಯೋಗ ಬರಲಿ, ಬಾರದಿರಲಿ, ಶುದ್ಧವಾಗಿ ಬರೆದ ಆ ಒಂದು ಹಾಳೆ ಹೆಣ್ಣುಮಗಳ ಹಕ್ಕಿಗೆ ಆಧಾರವಾಗಿ ಮನೆಯಲ್ಲಿರಲೇಬೇಕಾದುದು.